ಸಿಡಿಲಿನ ಬೆಂಕಿ: ನಂದಿಸಬೇಕೋ, ಕಾಯಬೇಕೋ?

ಕೆನಡಾದ ವುಡ್ ಬಫಲೊ ರಾಷ್ಟ್ರೀಯ ಉದ್ಯಾನ 44 ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ನಮ್ಮ ಬಂಡೀಪುರದಂಥ ಐವತ್ತು ಕಾಡುಗಳನ್ನು ಸೇರಿಸಿದರೆ ಅಷ್ಟಾಗುತ್ತದೆ. ಆಲ್ಬರ್ಟಾ ಪ್ರಾಂತ್ಯದ ಉತ್ತರದಿಂದ ನಾರ್ತ್‌ವೆಸ್ಟ್ ಟೆರಿಟರೀಸ್ ಒಳಗೆ ಚಾಚಿಕೊಂಡಿರುವ ಈ ನೆಲದ ತುಂಬ ಪೈನ್, ಸ್ಪ್ರೂಸ್ ಮರಗಳು, ಜೌಗು, ಸರೋವರಗಳು. ರಸ್ತೆಗಳು ತೀರ ಕಡಿಮೆ. ಇಂಥ ಕಡೆ ಬೇಸಿಗೆಯಲ್ಲಿ ಸಿಡಿಲು ಬಡಿದು ಬೆಂಕಿ ಹೊತ್ತಿದರೆ ಅಲ್ಲಿನ ಸಿಬ್ಬಂದಿ ನೀರು ಹೊತ್ತು ಓಡುವುದಿಲ್ಲ. ಇದನ್ನು ನಂದಿಸಬೇಕೋ, ಉರಿಯಲು ಬಿಟ್ಟು ಕಾಯಬೇಕೋ ಎಂದು ಮೊದಲು ಲೆಕ್ಕ ಹಾಕುತ್ತಾರೆ. ಬೆಂಕಿ ನಿರ್ವಹಣೆಯ ಬಹುಪಾಲು ಈ ಲೆಕ್ಕದಲ್ಲೇ ಇದೆ.

ಹೊತ್ತುವ ಬಗೆಯನ್ನೇ ಮೊದಲು ನೋಡೋಣ. ಅಪಾಯ ಹೆಚ್ಚಿರುವುದು ಒಣ ಸಿಡಿಲಿನಲ್ಲಿ. ಮೋಡ ಎತ್ತರದಲ್ಲಿರುತ್ತದೆ, ಕೆಳಗಿನ ಗಾಳಿ ಒಣಗಿರುತ್ತದೆ, ಮಳೆಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಮಿಂಚು ಮಾತ್ರ ಇಳಿಯುತ್ತದೆ. ಮರದ ಕಾಂಡ ಸೀಳಿಕೊಂಡು ಬುಡಕ್ಕೆ ಬಂದ ಕಿಡಿ ಅಲ್ಲಿನ ತರಗು, ಪಾಚಿ, ಅರೆಕೊಳೆತ ಸೂಜಿ ಎಲೆಗಳ ದಪ್ಪ ಹಾಸಿನೊಳಗೆ ಸೇರಿಕೊಳ್ಳುತ್ತದೆ. ಕೂಡಲೇ ಜ್ವಾಲೆ ಏಳಬೇಕೆಂದಿಲ್ಲ. ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಒಳಗೊಳಗೇ ಕಮರುತ್ತಿದ್ದು, ಬಿಸಿಲೇರಿ ಗಾಳಿ ಬೀಸಿದ ಮಧ್ಯಾಹ್ನ ಒಮ್ಮೆಲೇ ಭುಗಿಲೇಳುತ್ತದೆ. ಕೆನಡಾದಲ್ಲಿ ಕಾಡ್ಗಿಚ್ಚಿನ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಸಿಡಿಲು ಕಾರಣ. ಸುಟ್ಟುಹೋಗುವ ಪ್ರದೇಶದಲ್ಲಿ ಮಾತ್ರ ಸಿಡಿಲಿನ ಪಾಲು ಶೇ. 80ಕ್ಕೂ ಮೇಲೆ. ಮನುಷ್ಯ ಹಚ್ಚಿದ ಬೆಂಕಿ ಊರು, ರಸ್ತೆಗಳ ಹತ್ತಿರವಿರುವುದರಿಂದ ಬೇಗ ಕಣ್ಣಿಗೆ ಬೀಳುತ್ತದೆ. ಸಿಡಿಲು ಬಡಿಯುವುದು ಯಾರೂ ಇಲ್ಲದ ಕಡೆ, ಅದೂ ಒಂದೇ ದಿನ ಹತ್ತಾರು ಜಾಗಗಳಲ್ಲಿ.

ಆದ್ದರಿಂದ ಪತ್ತೆ ಕೆಲಸ ಮಿಂಚಿನಿಂದಲೇ ಶುರುವಾಗುತ್ತದೆ. ದೇಶದುದ್ದಕ್ಕೂ ನೆಟ್ಟಿರುವ ಸಂವೇದಕಗಳು ಪ್ರತಿ ಮಿಂಚಿನ ರೇಡಿಯೊ ಅಲೆಯನ್ನು ಹಿಡಿದು, ಅದು ಎಲ್ಲಿ ಬಡಿಯಿತೆಂದು ನಕ್ಷೆಯ ಮೇಲೆ ಗುರುತು ಹಾಕುತ್ತವೆ. ಇದರ ಜೊತೆಗೆ ಪ್ರತಿದಿನ ಮಧ್ಯಾಹ್ನದ ಉಷ್ಣತೆ, ತೇವಾಂಶ, ಗಾಳಿ, ಹಿಂದಿನ 24 ಗಂಟೆಗಳ ಮಳೆ ಇವಿಷ್ಟನ್ನು ಇಟ್ಟುಕೊಂಡು ನೆಲದ ಒಣಗುವಿಕೆಯನ್ನು ಮೂರು ಪದರಗಳಲ್ಲಿ ಲೆಕ್ಕ ಹಾಕುತ್ತಾರೆ. ಮೇಲಿನ ತರಗು ಒಂದು ದಿನದೊಳಗೆ ಒಣಗುತ್ತದೆ, ಕೆಳಗಿನ ಹಾಸಿಗೆ ಎರಡು ವಾರದಷ್ಟು ಬೇಕು, ಇನ್ನೂ ಆಳದ್ದಕ್ಕೆ ಸುಮಾರು 50 ದಿನ. ಸಿಡಿಲಿಗೆ ಮುಖ್ಯವಾದದ್ದು ನಡುವಿನ ಪದರ. ಅದು ಒದ್ದೆಯಾಗಿದ್ದರೆ ನೂರು ಮಿಂಚು ಬಡಿದರೂ ಹೆಚ್ಚೇನೂ ಆಗದು. ಒಣಗಿದ್ದರೆ ಮರುದಿನವೇ ಆ ಗುರುತುಗಳ ಮೇಲೆ ವಿಮಾನ ಹಾರಬೇಕು. ಉಪಗ್ರಹಗಳೂ ಬಿಸಿ ಜಾಗಗಳನ್ನು ತೋರಿಸುತ್ತವೆ, ಆದರೆ ಚಿಕ್ಕದಾಗಿ ಕಮರುವ ಕಿಡಿ ಅವಕ್ಕೆ ಸುಲಭವಾಗಿ ಸಿಗುವುದಿಲ್ಲ.

ಹೊಗೆ ಕಂಡ ಮೇಲೆ ನಿರ್ಧಾರ. ಸುತ್ತ ಏನಿದೆ, ಗಾಳಿ ಯಾವ ಕಡೆ, ದಾರಿಯಲ್ಲಿ ನದಿಯೋ ಸರೋವರವೋ ಹಳೆಯ ಸುಟ್ಟ ಜಾಗವೋ ಅಡ್ಡ ಬರುತ್ತದೆಯೇ, ಹಿಮ ಬೀಳಲು ಇನ್ನೆಷ್ಟು ವಾರ? ಊರಿನ ಹತ್ತಿರವಾದರೆ ಹೆಲಿಕಾಪ್ಟರಿನಲ್ಲಿ ಚಿಕ್ಕ ತಂಡವೊಂದು ಪಂಪು, ಕೊಳವೆ, ಗುದ್ದಲಿ ಹಿಡಿದು ತಕ್ಷಣ ಇಳಿಯುತ್ತದೆ. ಜ್ವಾಲೆ ಆರಿದ ಮೇಲಿನ ಕೆಲಸವೇ ದೀರ್ಘವಾದದ್ದು. ಬೂದಿಯ ಅಂಚಿನುದ್ದಕ್ಕೂ ಮಂಡಿಯೂರಿ, ಕೈಗವಸು ಕಳಚಿ, ಅಂಗೈ ಹಿಂಬದಿಯನ್ನು ನೆಲಕ್ಕೆ ಹಿಡಿದು ಬಿಸಿ ಹುಡುಕುತ್ತಾರೆ. ಬಿಸಿ ತಾಗಿದಲ್ಲಿ ಅಗೆದು, ನೀರು ಬೆರೆಸಿ ಕಲಸಿ, ಮತ್ತೆ ಕೈ ಇಟ್ಟು ನೋಡುತ್ತಾರೆ. ತಣ್ಣಗಾಗುವವರೆಗೆ ಮುಂದಿನ ಹೆಜ್ಜೆ ಇಲ್ಲ.

ದೂರದ ಬೆಂಕಿಯಾದರೆ ಉರಿಯಲು ಬಿಡುತ್ತಾರೆ. ಬಿಡುವುದೆಂದರೆ ಮರೆಯುವುದಲ್ಲ. ದಿನವೂ ಅಂಚನ್ನು ಅಳೆಯುತ್ತಾರೆ, ಮುಂದೆ ಎಲ್ಲಿಗೆ ಹೋದೀತೆಂದು ಅಂದಾಜು ಮಾಡುತ್ತಾರೆ, ದಾರಿಯಲ್ಲಿರುವ ಬೇಟೆಗಾರರ ಮರದ ಮನೆಗಳಿಗೆ ರಕ್ಷಣೆ ಕೊಡುತ್ತಾರೆ. ಹತ್ತಿರದ ಕೆರೆಗೆ ಪಂಪು ಇಟ್ಟು ಛಾವಣಿಯ ಮೇಲೆ ತುಂತುರು ಚಿಮ್ಮಿಸಿದರೆ ಮನೆ ಮತ್ತು ಸುತ್ತಲಿನ ನೆಲ ತೋಯ್ದಿರುತ್ತದೆ. ಬೆಂಕಿ ಪಕ್ಕದಿಂದ ಹಾದುಹೋಗುತ್ತದೆ. ಬೆಂಕಿ ತಡೆಯಲು ಬೆಂಕಿಯನ್ನೇ ಬಳಸುವ ಉಪಾಯವೂ ಇದೆ. ನದಿಯನ್ನೋ ರಸ್ತೆಯನ್ನೋ ಬೆನ್ನಿಗಿಟ್ಟುಕೊಂಡು, ಬರುತ್ತಿರುವ ಬೆಂಕಿಗೆ ಮೇವು ಸಿಗದಂತೆ ನಡುವಿನ ಕಾಡನ್ನು ಮೊದಲೇ ಸುಡುತ್ತಾರೆ. ಅದಕ್ಕಾಗಿ ಹೆಲಿಕಾಪ್ಟರಿನಿಂದ ಉದುರಿಸುವುದು ಪಿಂಗ್‌ಪಾಂಗ್ ಚೆಂಡಿನಷ್ಟು ಗಾತ್ರದ ಪ್ಲಾಸ್ಟಿಕ್ ಗುಂಡುಗಳನ್ನು. ಒಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿ. ಯಂತ್ರ ಅದಕ್ಕೆ ಗ್ಲೈಕಾಲ್ ಚುಚ್ಚಿ ಹೊರಗೆ ತಳ್ಳುತ್ತದೆ. ಅರ್ಧ ನಿಮಿಷದ ಒಳಗೆ, ನೆಲಕ್ಕೆ ಬಿದ್ದ ಮೇಲೆ, ಅದು ಹೊತ್ತಿಕೊಳ್ಳುತ್ತದೆ.

ಉರಿಯಲು ಬಿಡುವುದಕ್ಕೆ ಖರ್ಚು ಉಳಿತಾಯವೊಂದೇ ಕಾರಣವಲ್ಲ. ಇಲ್ಲಿನ ಜ್ಯಾಕ್ ಪೈನ್ ಮರದ ಕಾಯಿಗಳು ಅಂಟಿನಿಂದ ಬಿಗಿದುಕೊಂಡಿರುತ್ತವೆ. ಸುಮಾರು 50 ಡಿಗ್ರಿ ಶಾಖ ತಾಗಿದಾಗ ಅಂಟು ಕರಗಿ ಬೀಜ ಉದುರುತ್ತದೆ, ಬೂದಿ ಬಿದ್ದ ಬಯಲು ನೆಲದಲ್ಲಿ ಮೊಳೆಯುತ್ತದೆ. ಪ್ರತಿ ಕಿಡಿಯನ್ನೂ ಹೊಸಕುತ್ತ ಹೋದರೆ ಕಾಡೆಲ್ಲ ಒಂದೇ ವಯಸ್ಸಿನ ಒಣ ರಾಶಿಯಾಗಿ, ಮುಂದಿನ ಬೆಂಕಿ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಈ ಸೀಮೆಯ ಕ್ರೀ ಮತ್ತು ಡೆನೆ ಜನಕ್ಕೆ ಇದು ಗೊತ್ತಿತ್ತು. ಕಾಡಿನೊಳಗೆ ಇನ್ನೂ ಹಿಮವಿರುವಾಗಲೇ, ವಸಂತದ ಮೊದಲಲ್ಲಿ, ಹುಲ್ಲುಗಾವಲುಗಳನ್ನು ಸುಡುತ್ತಿದ್ದರು. ಹಿಮವೇ ಬೇಲಿಯಾಗಿ ನಿಲ್ಲುತ್ತಿತ್ತು. ಮಾನವಶಾಸ್ತ್ರಜ್ಞ ಹೆನ್ರಿ ಲೂಯಿಸ್ 1970ರ ದಶಕದಲ್ಲಿ ಅಲ್ಲಿನ ಹಿರಿಯರಿಂದಲೇ ಕೇಳಿ ಇದನ್ನು ದಾಖಲಿಸಿದರು. ಅಷ್ಟರೊಳಗೆ ಸರ್ಕಾರ ಆ ಪದ್ಧತಿಯನ್ನು ನಿಲ್ಲಿಸಿಬಿಟ್ಟಿತ್ತು. ದೊಡ್ಡ ನಷ್ಟವೆಂದು ನಾನು ಹೇಳುವುದು ಇದನ್ನೇ.

ಈ ಮಾತನ್ನು ನಮ್ಮ ಕಾಡಿಗೆ ಹಾಗೆಯೇ ಅನ್ವಯಿಸಬಾರದು. ಬಂಡೀಪುರ, ನಾಗರಹೊಳೆಗಳಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಬೀಳುವ ಬೆಂಕಿ ಬಹುಪಾಲು ಮನುಷ್ಯರದೇ ಕೆಲಸ. ನಮ್ಮಲ್ಲಿ ಸಿಡಿಲು ಸಾಮಾನ್ಯವಾಗಿ ಮಳೆಯನ್ನು ಕರೆದುಕೊಂಡೇ ಬರುತ್ತದೆ. ಬೆಂಕಿ ರೇಖೆ ಸವರಿ, ಹಸಿ ಕೊಂಬೆಯಿಂದ ಬಡಿದು ನಂದಿಸುವ ನಮ್ಮ ವಾಚರುಗಳು ಮಾಡುತ್ತಿರುವುದು ಸರಿಯಾದ ಕೆಲಸವೇ.

ಕಾಯುವ ನಿರ್ಧಾರಕ್ಕೆ ಅಪಾಯವೂ ಅಂಟಿಕೊಂಡಿದೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನ 1972ರಿಂದ ಸಿಡಿಲಿನ ಬೆಂಕಿಯನ್ನು ಉರಿಯಲು ಬಿಡುತ್ತಿತ್ತು. 1988ರ ಬರದಲ್ಲಿ ಉದ್ಯಾನದ ಮೂರನೇ ಒಂದಕ್ಕಿಂತ ಹೆಚ್ಚು ಭಾಗಕ್ಕೆ ಬೆಂಕಿ ತಾಗಿತು. ಸಾವಿರಾರು ಜನ ಹೋರಾಡಿದರೂ ಬಿಸಿ ಇಳಿದದ್ದು ಸೆಪ್ಟೆಂಬರಿನ ಹಿಮ ಬಿದ್ದಾಗ. ಅಲ್ಲಿಂದೀಚೆಗೆ ನಿಯಮಗಳು ಬಿಗಿಯಾದವು: ಬರದ ಲೆಕ್ಕ, ಗಾಳಿಯ ಮುನ್ಸೂಚನೆ, ಕೈಯಲ್ಲಿರುವ ತಂಡಗಳ ಸಂಖ್ಯೆ, ಇವೆಲ್ಲ ಬರಹದಲ್ಲಿ ಇಲ್ಲದೆ ಯಾವ ಬೆಂಕಿಯನ್ನೂ ಬಿಡುವಂತಿಲ್ಲ. ವುಡ್ ಬಫಲೊ ಅಂಚಿನ ಫೋರ್ಟ್ ಸ್ಮಿತ್ ಊರನ್ನು 2023ರ ಆಗಸ್ಟ್‌ನಲ್ಲಿ ಪೂರ್ತಿ ಖಾಲಿ ಮಾಡಿಸಬೇಕಾಯಿತು. ಜನ ಮರಳಿದ್ದು ಐದು ವಾರಗಳ ಮೇಲೆ. ಊರು ಉಳಿಯಿತು.

ಹಿಮ ಬಿದ್ದರೂ ಕೆಲಸ ಮುಗಿಯುವುದಿಲ್ಲ. ಜೌಗಿನ ಕೊಳೆತ ಸಸ್ಯಗಳ ಆಳದಲ್ಲಿ ಕೆಂಡ ಚಳಿಗಾಲವನ್ನೂ ದಾಟಬಲ್ಲದು. 2023ರಲ್ಲಿ ಹೊತ್ತಿದ ಎಷ್ಟೋ ಬೆಂಕಿಗಳು ಪಶ್ಚಿಮ ಕೆನಡಾದಲ್ಲಿ 2024ರ ವಸಂತಕ್ಕೂ ಜೀವ ಹಿಡಿದಿದ್ದವು. ಹೀಗಾಗಿ ಹಿಮ ಕರಗುತ್ತಿದ್ದಂತೆ, ಮೊದಲ ಸಿಡಿಲು ಬೀಳುವ ಮುನ್ನ, ಉಷ್ಣ ಕ್ಯಾಮೆರಾ ಹಿಡಿದು ಹಿಂದಿನ ವರ್ಷದ ಸುಟ್ಟ ಅಂಚುಗಳ ಮೇಲೆ ಹಾರಾಟ ನಡೆಸುತ್ತಾರೆ.