ಸುಣ್ಣಕಲ್ಲಿನ ಹಾದಿಯ ಗ್ಯಾರಟ್

ಸಿಮೆಂಟ್ ಕಾರ್ಖಾನೆಯ ಸುತ್ತುಗೂಡಿಗೆ ಒಮ್ಮೆ ಬೆಂಕಿ ಹಾಕಿದರೆ ಅದು ಹಗಲೂ ರಾತ್ರಿ ತಿರುಗುತ್ತಲೇ ಇರಬೇಕು. ಒಳಗೆ ಕಲ್ಲು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತಿರುತ್ತದೆ. ಆ ಬಿಸಿಯಲ್ಲಿ ತಿರುಗಾಟ ನಿಂತರೆ ಉದ್ದನೆಯ ಉಕ್ಕಿನ ಕೊಳವೆ ತನ್ನ ಭಾರಕ್ಕೇ ಬಾಗಿಬಿಡುತ್ತದೆ. ಆದ್ದರಿಂದ ಗೂಡಿನ ಬಾಯಿಗೆ ಸುಣ್ಣಕಲ್ಲು ಒಂದೇ ಸಮನೆ ಬೀಳುತ್ತಿರಬೇಕು. ಒಂದು ಟನ್ ಸಿಮೆಂಟಿಗೆ ಹೆಚ್ಚುಕಡಿಮೆ ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಶುದ್ಧ ಸುಣ್ಣಕಲ್ಲಿನ ತೂಕದಲ್ಲಿ ನೂರಕ್ಕೆ 44 ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುವುದೇ ಇದಕ್ಕೆ ಕಾರಣ. ಹೀಗೆ ಗಾಳಿಗೆ ಹೋಗುವ ತೂಕವನ್ನು ದೂರದಿಂದ ಹೊತ್ತು ತರುವುದು ಯಾರಿಗೂ ಗಿಟ್ಟದು. ನಮ್ಮ ವಾಡಿ, ಶಹಾಬಾದ್, ಮಳಖೇಡಗಳಲ್ಲಿ ಕಾರ್ಖಾನೆಗಳು ಗಣಿಯ ಮಗ್ಗುಲಲ್ಲೇ ಎದ್ದದ್ದು ಇದೇ ಲೆಕ್ಕದಿಂದ.

ಗಣಿಗೂ ಗೂಡಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರ್. ಆ ಚಿಕ್ಕ ಹಾದಿಯಲ್ಲಿ ದಶಕಗಟ್ಟಲೆ ದುಡಿದದ್ದು ಉಗಿ ಎಂಜಿನ್. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಜೀಲಾಂಗ್ ಪಟ್ಟಣದ ಅಂಚಿಗೆ ಫಯನ್ಸ್‌ಫರ್ಡ್ ಎಂಬಲ್ಲಿ ಸಿಮೆಂಟ್ ಕಾರ್ಖಾನೆ ಇತ್ತು. ಅದರ ಸುಣ್ಣಕಲ್ಲು ಬರುತ್ತಿದ್ದದ್ದು ಬೇಟ್ಸ್‌ಫರ್ಡ್ ಗಣಿಯಿಂದ, ಕಂಪನಿಯದೇ ಸ್ವಂತ ಹಳಿಯ ಮೇಲೆ. ವಿಕ್ಟೋರಿಯಾದ ಮುಖ್ಯ ಹಳಿಗಳ ಅಗಲ 1,600 ಮಿಲಿಮೀಟರ್. ಕಂಪನಿ ಹಾಕಿಕೊಂಡದ್ದು 1,067 ಮಿಲಿಮೀಟರಿನ ಕಿರಿಯ ಹಳಿ. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕತೆಗೆ ಇದು ಬೇಕು.

ಗಣಿಯ ಹಾದಿಯಲ್ಲಿ ಏರು ಇರುತ್ತದೆ, ತಿರುವು ಇರುತ್ತದೆ, ಭಾರವಂತೂ ಇದ್ದೇ ಇರುತ್ತದೆ. ಬಲ ಹೆಚ್ಚಿಸಲು ಎಂಜಿನ್ನನ್ನು ಉದ್ದ ಮಾಡಿದರೆ ತಿರುವಿನಲ್ಲಿ ಬಾಗದು. ಭಾರ ಮಾಡಿದರೆ ತೆಳ್ಳನೆಯ ಹಳಿ ತಡೆಯದು. ಈ ಗಂಟನ್ನು ಬಿಡಿಸಿದವನು ಹರ್ಬರ್ಟ್ ವಿಲಿಯಂ ಗ್ಯಾರಟ್ ಎಂಬ ಇಂಗ್ಲಿಷ್ ಎಂಜಿನಿಯರ್. ಎರಡು ಪುಟ್ಟ ಗಾಲಿಬಂಡಿಗಳನ್ನು ದೂರದೂರ ನಿಲ್ಲಿಸಿ, ಅವೆರಡರ ನಡುವೆ ಬಾಯ್ಲರನ್ನು ಪಲ್ಲಕ್ಕಿಯಂತೆ ತೂಗಿಬಿಟ್ಟ. ಮುಂದಿನ ಬಂಡಿಯ ಮೇಲೆ ನೀರಿನ ತೊಟ್ಟಿ, ಹಿಂದಿನದರ ಮೇಲೆ ಕಲ್ಲಿದ್ದಲು. ತಿರುವು ಬಂದಾಗ ಎರಡು ಬಂಡಿಗಳೂ ತಮ್ಮ ತಮ್ಮ ಪಾಡಿಗೆ ಹೊರಳುತ್ತವೆ. ಬಾಯ್ಲರಿನ ಕೆಳಗೆ ಗಾಲಿಗಳೇ ಇಲ್ಲದ್ದರಿಂದ ಅದನ್ನು ದಪ್ಪಗೆ, ಕುಲುಮೆಯನ್ನು ಆಳವಾಗಿ ಮಾಡಬಹುದು. ಇಷ್ಟು ಸರಳವಾದ, ಇಷ್ಟು ಸೊಗಸಾದ ಉಪಾಯ ರೈಲಿನ ಚರಿತ್ರೆಯಲ್ಲಿ ಹೆಚ್ಚಿಲ್ಲ ಎಂದೇ ನನ್ನ ಎಣಿಕೆ. ಅವನ ಹೆಸರಿನ ಮೊದಲ ಗ್ಯಾರಟ್ ಎಂಜಿನ್ 1909ರಲ್ಲಿ ಟಾಸ್ಮೇನಿಯಾಕ್ಕೆ ಹೋಯಿತು. ದೆಹಲಿಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು ಬಂಗಾಳ ನಾಗಪುರ ರೈಲ್ವೆಯ ದೈತ್ಯ ಗ್ಯಾರಟ್ ಒಂದನ್ನು ನೋಡಿರುತ್ತೀರಿ.

ಫಯನ್ಸ್‌ಫರ್ಡ್ ಕಂಪನಿ 1930ರ ದಶಕದಲ್ಲಿ ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಾರ್ಖಾನೆಯಿಂದ ಗ್ಯಾರಟ್‌ಗಳನ್ನು ತರಿಸಿಕೊಂಡಿತು.

ಸುಣ್ಣಕಲ್ಲಿನ ಸೀಮೆಯಲ್ಲಿ ಉಗಿ ಎಂಜಿನ್ ನಡೆಸುವುದು ಹಗುರದ ಕೆಲಸವಲ್ಲ. ಕಲ್ಲಿನ ಪುಡಿ ಎಣ್ಣೆಗೆ ಬೆರೆತರೆ ಸಾಣೆಯ ಹಿಟ್ಟಿನಂತಾಗಿ ಕೀಲುಗಳನ್ನು ಸವೆಸುತ್ತದೆ. ಅದಕ್ಕಿಂತ ದೊಡ್ಡ ಶತ್ರು ನೀರು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿ ಚಕ್ಕೆ ಹತ್ತುವುದನ್ನು ಮನೆಮನೆಯಲ್ಲೂ ಕಂಡಿದ್ದೇವೆ. ಸುಣ್ಣಕಲ್ಲಿನ ನೆಲದಿಂದ ಬಂದ ಗಡಸು ನೀರು ಬಾಯ್ಲರಿನೊಳಗೂ ಹಾಗೇ ಚಕ್ಕೆ ಕಟ್ಟುತ್ತದೆ. ಬಂಡಿ ಹೊರಗೆ ಎಳೆಯುವ ಕಲ್ಲೇ ಒಳಗೂ ಬೆಳೆಯುತ್ತದೆ! ಚಕ್ಕೆ ದಪ್ಪವಾದಷ್ಟೂ ಬಿಸಿ ನೀರಿಗೆ ಇಳಿಯದೆ ತಗಡಿನಲ್ಲೇ ಉಳಿದು ತಗಡು ಸುಡುತ್ತದೆ. ಅದಕ್ಕೇ ಆಗಾಗ ಬೆಂಕಿ ಆರಿಸಿ, ಬಾಯ್ಲರ್ ತಣಿಯುವ ತನಕ ಕಾದು, ಬಿರಡೆ ಬಿಚ್ಚಿ, ನೀರಿನ ರಭಸಕ್ಕೆ ಚಕ್ಕೆ ಕೆಡವಿ ತೊಳೆಯಬೇಕು. ಮತ್ತೆ ಉಗಿ ಏರಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಗೂಡಿನ ಹೊಟ್ಟೆ ತುಂಬಿಸಲು ಇನ್ನೊಂದು ಎಂಜಿನ್ ಇರಲೇಬೇಕು.

ಈಗ ಹಳಿಯ ಅಳತೆಗೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೇನೆ ಹತ್ತಿರವಾದಂತೆ, ಆಸ್ಟ್ರೇಲಿಯಾ ಸರ್ಕಾರ 1,067 ಮಿಲಿಮೀಟರ್ ಹಳಿಗಳಿಗಾಗಿ 1942ರಲ್ಲಿ ತರಾತುರಿಯಿಂದ ಒಂದು ಗ್ಯಾರಟ್ ರೂಪಿಸಿತು. 57 ಎಂಜಿನ್‌ಗಳು ತಯಾರಾದವು. ಅವಸರದ ಅಡುಗೆ ಹದಗೆಟ್ಟಿತ್ತು. ಕೆಲವು ಗಾಲಿಗಳಿಗೆ ಹಳಿಯನ್ನು ಹಿಡಿದುಕೊಳ್ಳುವ ಅಂಚೇ ಇರಲಿಲ್ಲ. ಎಂಜಿನ್‌ಗಳು ಹಳಿ ತಪ್ಪುತ್ತಿದ್ದವು. ಸುರಂಗಗಳಲ್ಲಿ ಸಿಬ್ಬಂದಿ ಬಿಸಿಗೆ ಬೆಂದುಹೋಗುತ್ತಿದ್ದರು. ಪಶ್ಚಿಮ ಆಸ್ಟ್ರೇಲಿಯಾದ ಕೆಲಸಗಾರರು 1946ರಲ್ಲಿ ಮುಷ್ಕರ ಹೂಡಿದರು, ವಿಚಾರಣಾ ಆಯೋಗವೂ ಕೂತಿತು. ಆ ಕೆಲಸಗಾರರ ಸಿಟ್ಟು ನ್ಯಾಯವಾದದ್ದು. ಜೀವ ಒತ್ತೆಯಿಟ್ಟು ಆ ಎಂಜಿನ್‌ಗಳ ಮೇಲೆ ನಿಲ್ಲುತ್ತಿದ್ದವರು ಅವರೇ.

ರೈಲ್ವೆಗಳು ಒಲ್ಲೆವೆಂದ ಈ ಎಂಜಿನ್‌ಗಳಲ್ಲಿ ಕೆಲವನ್ನು ಫಯನ್ಸ್‌ಫರ್ಡ್ ಕಂಪನಿ ಕೊಂಡಿತು. ಹಳಿಯ ಅಳತೆ ಸರಿಹೊಂದಿತ್ತು, ಹಾದಿ ಗಿಡ್ಡ, ಕಲ್ಲಿನ ಹೊರೆಗೆ ಕೊನೆಯಿಲ್ಲ.

1966ರಲ್ಲಿ ಆ ಹಳಿಗಳ ಕೆಲಸವನ್ನು ಕನ್ವೇಯರ್ ಬೆಲ್ಟ್ ವಹಿಸಿಕೊಂಡಿತು. ರೈಲು ಪ್ರತಿ ಸಲವೂ ಗಣಿಗೆ ಖಾಲಿ ಮರಳಬೇಕು. ಬೆಲ್ಟಿನ ಮೇಲೆ ಕಲ್ಲು ಎಡೆಬಿಡದೆ ಹರಿಯುತ್ತದೆ. ಆ 57ರಲ್ಲಿ ಇಂದು ಉಳಿದಿರುವುದು ಒಂದೇ ಒಂದು, ಜಿ33. ಸಿಮೆಂಟ್ ಕಂಪನಿಯ ಕೈಸೇರಿದ್ದ ಎಂಜಿನ್ ಅದು. ಮೆಲ್ಬರ್ನಿನ ನ್ಯೂಪೋರ್ಟ್ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತಿದೆ.