ನಡೆಯುವ ಪಾದಕ್ಕೂ ಒಂದು ವ್ರತ

ಮುನಿಗಳ ವಿಹಾರವನ್ನು ಕಂಡವರಿಗೆ ಒಂದು ಅಂಶ ಗಮನಕ್ಕೆ ಬಂದಿರುತ್ತದೆ. ಅವರ ದೃಷ್ಟಿ ದೂರದ ದಿಗಂತದ ಮೇಲಾಗಲಿ, ಅಕ್ಕಪಕ್ಕದ ಜನಸಂದಣಿಯ ಮೇಲಾಗಲಿ ಇರುವುದಿಲ್ಲ. ಮುಂದಿನ ನಾಲ್ಕು ಮೊಳ ನೆಲದ ಮೇಲೆ ನೆಟ್ಟಿರುತ್ತದೆ. ಹಗಲಿನ ಬೆಳಕಿನಲ್ಲಿಯೇ ನಡೆಯಬೇಕು, ಜನ, ಜಾನುವಾರು, ಬಂಡಿಗಳು ಓಡಾಡಿ ಸವೆದ ದಾರಿಯಲ್ಲಿಯೇ ನಡೆಯಬೇಕು, ಹಸುರು ಮತ್ತು ಹಸಿಮಣ್ಣನ್ನು ಬಿಟ್ಟು ನಡೆಯಬೇಕು ಎಂಬುದು ಅವರಿಗೆ ಆಗಮವು ವಿಧಿಸಿದ ಕ್ರಮ. ಇದೇ ಈರ್ಯಾಸಮಿತಿ, ಐದು ಸಮಿತಿಗಳಲ್ಲಿ ಮೊದಲನೆಯದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿಯೂ ಇದನ್ನು ಸೇರಿಸಿದ್ದಾರೆ.

ಈ ವಿಧಿಯ ಹೆಸರನ್ನೇ ಕೇಳಿರದ ನಾಡೊಂದರಲ್ಲಿ, ಬೆಟ್ಟವೇರುವ ಪ್ರತಿಯೊಬ್ಬ ಚಾರಣಿಗನಿಗೂ ಬಹುಮಟ್ಟಿಗೆ ಇದೇ ಸೂಚನೆ ದೊರೆಯುತ್ತದೆ. ಅದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ವಾಯವ್ಯ ಭಾಗದಲ್ಲಿರುವ ಚಾಕೊ ಕಣಿವೆ. ಎರಡೂ ಬದಿಗೆ ಮರಳುಗಲ್ಲಿನ ಕಡಿದಾದ ಗೋಡೆಗಳು. ಅವುಗಳ ಮೇಲೆ ಚಪ್ಪಟೆ ನೆತ್ತಿಯ ಬೆಟ್ಟಗಳು. ಇಂತಹ ಬೆಟ್ಟವನ್ನು ಅಲ್ಲಿಯವರು ಮೆಸಾ ಎನ್ನುತ್ತಾರೆ; ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಮೇಜು ಎಂದರ್ಥ. ಮಳೆ ತೀರ ವಿರಳವಾದ ಈ ನೆಲದಲ್ಲಿ ಸಾವಿರ ವರ್ಷಗಳ ಹಿಂದೆ ಪ್ಯೂಬ್ಲೊ ಜನರ ಪೂರ್ವಿಕರು ಕಲ್ಲಿನ ಮಹಾಗೃಹಗಳನ್ನು ಕಟ್ಟಿದರು. ಅವುಗಳ ಅವಶೇಷಗಳು ಇಂದು ವಿಶ್ವಪರಂಪರೆಯ ತಾಣ.

ಬೆಟ್ಟದ ಮೇಲಿನ ಪ್ಯೂಬ್ಲೊ ಆಲ್ಟೊ ಎಂಬ ಅವಶೇಷವನ್ನು ಕಂಡು ಮರಳಲು ಅರ್ಧ ದಿನ ಸಾಕು. ದಾರಿ ಕಿನ್ ಕ್ಲೆಟ್ಸೊ ಎಂಬ ಪಾಳುಮನೆಯ ಹಿಂದೆ ಆರಂಭವಾಗಿ, ಬಂಡೆಯ ಇಕ್ಕಟ್ಟಾದ ಬಿರುಕಿನೊಳಗೆ ನುಗ್ಗಿ ಮೇಲಕ್ಕೇರುತ್ತದೆ. ಮೇಲೆ ಬರಿಯ ಹಾಸುಬಂಡೆ. ಹೆಜ್ಜೆಗುರುತು ಮೂಡದ ಆ ಕಲ್ಲಿನ ಮೇಲೆ ದಾರಿ ತೋರುವುದು ಅಲ್ಲಲ್ಲಿ ಪೇರಿಸಿದ ಸಣ್ಣ ಕಲ್ಲುಗುಪ್ಪೆಗಳು ಮಾತ್ರ. ಬಂಡೆಯಲ್ಲಿ ಪುರಾತನ ಕಡಲಜೀವಿಗಳು ಕೊರೆದ ಬಿಲಗಳ ಅಚ್ಚು ಕಾಣುತ್ತದೆ. ಇಂದಿನ ಮರುಭೂಮಿ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಅಂಚಾಗಿತ್ತು.

ಅಂಚಿಗೆ ಬಂದು ಕೆಳಗೆ ನೋಡಿದರೆ ಅರ್ಧಚಂದ್ರಾಕಾರದ ಪ್ಯೂಬ್ಲೊ ಬೊನಿಟೊ ಇಡಿಯಾಗಿ ಕಾಣುತ್ತದೆ. ಆರುನೂರಕ್ಕೂ ಹೆಚ್ಚು ಕೋಣೆಗಳು, ಕೆಲವೆಡೆ ನಾಲ್ಕು ಅಂತಸ್ತು. ಒಂಬತ್ತನೆಯ ಶತಮಾನದಲ್ಲಿ ಆರಂಭವಾದ ನಿರ್ಮಾಣ ಹನ್ನೆರಡನೆಯ ಶತಮಾನದವರೆಗೆ ಹಂತಹಂತವಾಗಿ ಬೆಳೆಯಿತು. ಕಣಿವೆಯ ಮಹಾಗೃಹಗಳ ಚಾವಣಿಗೆ ಎರಡು ಲಕ್ಷಕ್ಕೂ ಹೆಚ್ಚು ಮರದ ದಿಮ್ಮಿಗಳು ಬಳಕೆಯಾದವೆಂದು ಅಂದಾಜಿಸಲಾಗಿದೆ. ಚಕ್ರವಾಗಲಿ ಭಾರ ಎಳೆಯುವ ಪಶುಗಳಾಗಲಿ ಇಲ್ಲದ ಆ ಜನ, ಅವುಗಳಲ್ಲಿ ಅನೇಕವನ್ನು ಸುಮಾರು 75 ಕಿಲೊಮೀಟರ್ ದೂರದ ಪರ್ವತಗಳಿಂದ ಹೊತ್ತು ತಂದರು. ದಕ್ಷಿಣದ ಉಷ್ಣವಲಯದ ಕಾಡುಗಳಿಂದ ಕೆಂಬಣ್ಣದ ಗಿಳಿಗಳೂ ಕೋಕೊ ಬೀಜಗಳೂ ಇಲ್ಲಿಗೆ ಬಂದಿದ್ದವು. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ದೀರ್ಘ ಬರಗಾಲ ಆವರಿಸಿತು. ಜನ ಕ್ರಮೇಣ ಬೇರೆಡೆಗೆ ನಡೆದರು.

ಈ ಮಹಾಗೃಹದ ಹಿಂದೆ ಬೆಟ್ಟದಿಂದ ಬೇರ್ಪಟ್ಟು ನಿಂತ ದೈತ್ಯ ಬಂಡೆಯೊಂದಿತ್ತು. ಅದು ಬೀಳಬಹುದೆಂದು ಅರಿತಿದ್ದ ಪ್ರಾಚೀನರು ಅದರ ಬುಡಕ್ಕೆ ಆಸರೆಯ ಗೋಡೆ ಕಟ್ಟಿದ್ದರು. ಕಟ್ಟಿದವರು ಹೋಗಿ ಶತಮಾನಗಳು ಕಳೆದ ಮೇಲೆ, 1941ರ ಜನವರಿಯಲ್ಲಿ ಆ ಬಂಡೆ ಉರುಳಿ ಸುಮಾರು 30 ಕೋಣೆಗಳನ್ನು ನೆಲಸಮ ಮಾಡಿತು. ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಆದರೆ ಬೆಟ್ಟದ ನೆತ್ತಿಯ ಮುಖ್ಯ ಪಾಠ ಪಾಳುಗೋಡೆಗಳಲ್ಲಿಲ್ಲ, ಪಾದದ ಬಳಿಯಲ್ಲಿದೆ. ಈ ಪ್ರಸ್ಥಭೂಮಿಯ ಮರುಭೂಮಿಗಳಲ್ಲಿ ಬಂಡೆಗಳ ನಡುವಿನ ಮಣ್ಣು ಕೆಲವೆಡೆ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ರೊಟ್ಟಿಯ ಮೇಲ್ಮೈಯಂತೆ ಕಾಣುತ್ತದೆ. ನೋಡುವವರಿಗೆ ಅದು ನಿರ್ಜೀವ ಧೂಳು. ವಾಸ್ತವದಲ್ಲಿ ಅದು ಸೂಕ್ಷ್ಮಾಣುಜೀವಿಗಳು, ಕಲ್ಲುಹೂವು, ಪಾಚಿಗಳು ಒಟ್ಟುಗೂಡಿ ನೇಯ್ದ ಜೀವಂತ ಹೊದಿಕೆ. ಒಣಗಿದಾಗ ನಿದ್ರಿಸುತ್ತದೆ, ಮಳೆಹನಿ ಬಿದ್ದೊಡನೆ ಎಚ್ಚರಗೊಳ್ಳುತ್ತದೆ. ಮಣ್ಣು ಗಾಳಿಗೆ ಹಾರದಂತೆ ಹಿಡಿದಿಡುವುದೂ ಗಿಡಗಳಿಗೆ ಸಾರಜನಕವನ್ನು ಒದಗಿಸುವುದೂ ಇದೇ. ಇದರ ಮೇಲೆ ಒಂದು ಹೆಜ್ಜೆ ಬಿದ್ದರೆ ಹೊದಿಕೆ ಪುಡಿಯಾಗುತ್ತದೆ. ಮರಳಿ ಕೂಡಿಕೊಳ್ಳಲು ದಶಕಗಳೇ ಬೇಕು. ಆದ್ದರಿಂದಲೇ ಅಲ್ಲಿಯ ಸೂಚನೆ: ಸವೆದ ದಾರಿಯಲ್ಲಿ ಇಲ್ಲವೆ ಬರಿಬಂಡೆಯ ಮೇಲೆ ಮಾತ್ರ ನಡೆಯಿರಿ.

ಪೃಥ್ವೀಕಾಯದಿಂದ ವನಸ್ಪತಿಕಾಯದವರೆಗೆ ಐದು ಬಗೆಯ ಸ್ಥಾವರಜೀವಿಗಳನ್ನು ಹೇಳಿದ ಜಿನಾಗಮ, ಪಾಚಿಯಂತಹವುಗಳಲ್ಲಿ ಒಂದೇ ಶರೀರವನ್ನು ಆಶ್ರಯಿಸಿ ಅನಂತ ಜೀವಗಳಿವೆ ಎನ್ನುತ್ತದೆ. ಶಾಸ್ತ್ರದ ಜೀವವಿಚಾರ ಬೇರೆ, ವಿಜ್ಞಾನದ ವಿವರಣೆ ಬೇರೆ. ಒಂದನ್ನು ಇನ್ನೊಂದರ ಪ್ರಮಾಣವಾಗಿ ಮಾಡಬೇಕಿಲ್ಲ. ಆದರೆ ಕಣ್ಣಿಗೆ ಜಡವಾಗಿ ಕಂಡದ್ದು ಜಡವೇ ಆಗಿರಬೇಕಿಲ್ಲ ಎಂಬ ಎಚ್ಚರ ಎರಡಕ್ಕೂ ಸಮಾನ. ಆ ಎಚ್ಚರದಿಂದ ಹುಟ್ಟುವ ನಡತೆಯೂ ಸಮಾನ.

ಮುನಿಯ ಮಹಾವ್ರತವನ್ನು ಗೃಹಸ್ಥ ಪಾಲಿಸಲಾರ. ಅವನಿಗಾಗಿ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವಿರತಿಯನ್ನು ವಿವರಿಸುತ್ತಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದು, ಸುಮ್ಮನೆ ಅಲೆಯುವುದು ಇವೆಲ್ಲ ಅಲ್ಲಿ ಪ್ರಮಾದಚರ್ಯೆ. ಒಂದು ಚಿತ್ರ ತೆಗೆಯುವ ಆಸೆಗೆ, ತಿರುವೊಂದನ್ನು ಉಳಿಸುವ ಅವಸರಕ್ಕೆ ದಾರಿ ಬಿಟ್ಟು ಇಡುವ ನಾಲ್ಕು ಹೆಜ್ಜೆ ಈ ಸಾಲಿಗೇ ಸೇರುತ್ತದೆ. ಅದರಿಂದ ದೊರೆಯುವುದು ಕ್ಷಣದ ಲಾಭ. ಅಳಿಯುವುದು ದಶಕಗಳ ಬದುಕು. ದ್ವೇಷವೂ ಇಲ್ಲ, ಸ್ವಾರ್ಥವೂ ಹೆಚ್ಚಿಲ್ಲ, ಬರಿಯ ಅಜಾಗರೂಕತೆ. ಜೈನಸಿದ್ಧಾಂತ ಹಿಂಸೆಯ ಬೇರನ್ನು ಗುರುತಿಸಿದ್ದೂ ಈ ಪ್ರಮಾದದಲ್ಲಿಯೇ. ಯತ್ನಾಚಾರದಿಂದ ನಡೆಯುವವನ ಪಾದದಡಿ ಅರಿಯದೆ ಜೀವವೊಂದು ಸತ್ತರೂ ಅವನಿಗೆ ಅದರಿಂದ ಬಂಧವಿಲ್ಲ. ಎಚ್ಚರಗೇಡಿಯು ಯಾವ ಜೀವ ಸಾಯದಿದ್ದರೂ ಹಿಂಸಕನೇ ಎಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು.

ದಾರಿಯ ಎರಡನೆಯ ಪರೀಕ್ಷೆ ಪ್ಯೂಬ್ಲೊ ಆಲ್ಟೊದ ಗೋಡೆಗಳ ಸುತ್ತ ಕಾದಿರುತ್ತದೆ. ಅಲ್ಲಿ ಚಿತ್ತಾರದ ಮಡಕೆಯ ಚೂರುಗಳು ನೆಲದಲ್ಲಿ ಕಾಣಸಿಗುತ್ತವೆ. ಒಡೆಯರಿಲ್ಲದ ಬೆರಳಗಲದ ಚೂರು. ಜೇಬಿಗಿಟ್ಟರೆ ಕೇಳುವವರಾರು ಎನ್ನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಅಗೆದು ತೆಗೆದ ವಸ್ತುಗಳು ರಾಶಿರಾಶಿಯಾಗಿ ದೂರದ ನ್ಯೂಯಾರ್ಕಿಗೆ ಸಾಗಿದವು. ಅದರ ವಿರುದ್ಧ ಎದ್ದ ಆಕ್ಷೇಪವೂ 1906ರಲ್ಲಿ ಪ್ರಾಚೀನ ಅವಶೇಷಗಳ ರಕ್ಷಣೆಯ ಕಾನೂನು ಬರಲು ಒಂದು ಕಾರಣವಾಯಿತು. ಕೊಡದುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ಸೂತ್ರಕಾರರ ಮಾತಿಗೆ ಒಡೆಯ ಎದುರಿಗಿಲ್ಲ ಎಂಬುದು ವಿನಾಯಿತಿಯಲ್ಲ. ಇಲ್ಲಿ ಒಡೆಯರು ಇಲ್ಲವೆಂಬುದೂ ನಿಜವಲ್ಲ. ಹೋಪಿ, ಜೂನಿ, ಆಕೊಮಾ ಮುಂತಾದ ಸಮುದಾಯಗಳಿಗೆ ಇದು ಇಂದಿಗೂ ಹಿರಿಯರ ನೆಲೆ, ಪವಿತ್ರ ಕ್ಷೇತ್ರ.

ಪ್ಯೂಬ್ಲೊ ಬೊನಿಟೊದ ಗೋಡೆಗಳು ಏಳುತ್ತಿದ್ದ ಹತ್ತನೆಯ ಶತಮಾನದಲ್ಲಿಯೇ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದನು. ವಿಂಧ್ಯಗಿರಿಯನ್ನು ಬರಿಗಾಲಿನಲ್ಲಿ ಏರಿದವರು ಸ್ವಾಮಿಯ ಮುಖದಿಂದ ದೃಷ್ಟಿಯನ್ನು ಕೆಳಗಿಳಿಸಿದರೆ ತೊಡೆ ತೋಳುಗಳನ್ನು ಹಬ್ಬಿದ ಬಳ್ಳಿ, ಪಾದದ ಬಳಿಯ ಹುತ್ತ ಕಾಣುತ್ತವೆ. ಗೆದ್ದ ರಾಜ್ಯವನ್ನು ಬಿಟ್ಟು ನಿಂತವನ ಬಳಿಗೆ ನೆಲದ ಜೀವಗಳು ಅಂಜದೆ ಬಂದವು. ಅಷ್ಟು ಅಚಲವಾಗಿ ನಿಲ್ಲುವುದು ಸಂಸಾರಿಗೆ ಸಾಧ್ಯವಿಲ್ಲ, ಅವನು ನಡೆಯಲೇಬೇಕು. ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುವುದು ಮಾತ್ರ ಅವನಿಗೂ ಸಾಧ್ಯ. ಅದು ಮರುಭೂಮಿಯ ಬೆಟ್ಟವಾದರೂ ಸರಿ, ಮನೆಯ ಅಂಗಳವಾದರೂ ಸರಿ.