ಮೊದಲ ಮನೆಗೆ ಸರ್ಕಾರದ ನೆರವು: ಮೊದಲು ಕಾಗದ, ಆಮೇಲೆ ಗುದ್ದಲಿ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಿಮಗೆ ಗೊತ್ತೇ ಇದೆ. ಮದುವೆಯ ಸಾಲ ನಾಲ್ಕು ಒಳ್ಳೆಯ ರಾಶಿಯಾದರೆ ತೀರಬಹುದು. ಅರ್ಧಕ್ಕೆ ನಿಂತ ಮನೆಯ ಸಾಲ ಹಾಗಲ್ಲ. ಇದ್ದ ಮಣ್ಣಿನ ಮನೆ ಕೆಡವಿ, ಹೊಸ ಗೋಡೆ ಬಾಗಿಲ ಮಟ್ಟಕ್ಕೆ ಬಂದಾಗ ಹಣ ಮುಗಿದು, ಮಳೆಗಾಲವನ್ನು ತಗಡಿನ ಕೆಳಗೆ ಕಳೆಯುವ ಸಂಸಾರವನ್ನು ನೀವು ನಿಮ್ಮ ಊರಿನಲ್ಲಿಯೇ ನೋಡಿರಬಹುದು. ಅಂಥವರಲ್ಲಿ ಹಲವರಿಗೆ ಸರ್ಕಾರದ ನೆರವು ಸಿಗಬಹುದಾಗಿತ್ತು. ಆದರೆ ಅವರು ಮೊದಲು ಗುದ್ದಲಿ ಹಿಡಿದರು, ಆಮೇಲೆ ಕಾಗದ ಹುಡುಕಿದರು.

ಮೊದಲ ಮನೆಯ ನೆರವು ಒಂದು ಸಂಸಾರಕ್ಕೆ ಬಾಳಿನಲ್ಲಿ ಒಮ್ಮೆ ಬರುವಂಥದು. ಅದನ್ನು ಕ್ರಮ ತಪ್ಪದೆ ಕೇಳಿ ಪಡೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದೆ.

ಎರಡು ಬಾಗಿಲುಗಳು

ಮೊದಲ ಮನೆಗೆ ಸರ್ಕಾರ ಎರಡು ಬಾಗಿಲುಗಳಿಂದ ಸಹಾಯ ಮಾಡುತ್ತದೆ. ಒಂದು ಆದಾಯ ತೆರಿಗೆಯ ರಿಯಾಯಿತಿ, ಇನ್ನೊಂದು ನೇರ ಸಹಾಯಧನ. ಮೊದಲನೆಯದು ತೆರಿಗೆ ಕಟ್ಟುವವರಿಗೆ, ಎರಡನೆಯದು ಮುಖ್ಯವಾಗಿ ತೆರಿಗೆ ಕಟ್ಟದವರಿಗೆ. ನಿಮ್ಮದು ಯಾವ ಬಾಗಿಲು ಎಂಬುದನ್ನು ಮೊದಲು ತಿಳಿಯಿರಿ. ತಪ್ಪು ಬಾಗಿಲಲ್ಲಿ ನಿಂತರೆ ಕಾಲ ಹೋಗುವುದೇ ಹೊರತು ಹಣ ಬರುವುದಿಲ್ಲ.

ತೊಗರಿ, ಸೋಯಾ, ಕಬ್ಬು ಬೆಳೆದು ಬಂದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತೆರಿಗೆಯೇ ಇಲ್ಲದವರಿಗೆ ತೆರಿಗೆಯ ರಿಯಾಯಿತಿಯಿಂದ ಏನೂ ಸಿಗದು. ಆದುದರಿಂದ ಬೇಸಾಯವೊಂದನ್ನೇ ನಂಬಿದವರು ಎರಡನೆಯ ಬಾಗಿಲಿಗೆ ಹೋಗಬೇಕು.

ನಿಮ್ಮ ಮಗನೋ ಮಗಳೋ ಹೈದರಾಬಾದಿನಲ್ಲಿ, ಪುಣೆಯಲ್ಲಿ ಸಂಬಳದ ಕೆಲಸದಲ್ಲಿದ್ದು ಸಾಲ ಮಾಡಿ ಮನೆ ಕೊಂಡಿದ್ದರೆ ಮೊದಲ ಬಾಗಿಲು ಅವರದು. 2019ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರೊಳಗೆ ಸಾಲ ಮಂಜೂರಾಗಿದ್ದು, ಆಗ ಅವರ ಹೆಸರಿನಲ್ಲಿ ಬೇರೆ ಮನೆ ಇರದೆ, ಕೊಂಡ ಮನೆಯ ಮುದ್ರಾಂಕ ಮೌಲ್ಯ 45 ಲಕ್ಷ ರೂಪಾಯಿ ಮೀರದಿದ್ದರೆ, ಮೊದಲ ಮನೆಯವರಿಗೆಂದೇ ಕೊಟ್ಟ ಹೆಚ್ಚಿನ ರಿಯಾಯಿತಿ ಉಂಟು: ಬಡ್ಡಿಯಲ್ಲಿ ವರ್ಷಕ್ಕೆ 1.5 ಲಕ್ಷ ರೂಪಾಯಿಯವರೆಗೆ. ಆ ಅವಧಿಯ ನಂತರದ ಸಾಲಕ್ಕೆ ಇದು ಇಲ್ಲ. ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಸಿಗುವ ಸಾಮಾನ್ಯ ರಿಯಾಯಿತಿ ಬೇರೆ. ಎರಡೂ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ.

ಇಲ್ಲಿ ಒಂದು ಮಾತು ತಿಳಿದಿರಲಿ. 1 ಲಕ್ಷದ ರಿಯಾಯಿತಿ ಎಂದರೆ ತೆರಿಗೆಯಲ್ಲಿ 1 ಲಕ್ಷ ಉಳಿಯುವುದೆಂದಲ್ಲ. ಆದಾಯದ ಲೆಕ್ಕದಿಂದ 1 ಲಕ್ಷ ಕಳೆಯುತ್ತಾರೆ. ನೂರಕ್ಕೆ 20ರ ದರದಲ್ಲಿ ತೆರಿಗೆ ಕಟ್ಟುವವನಿಗೆ ಉಳಿಯುವುದು ಸುಮಾರು 20,000 ರೂಪಾಯಿ. ಇದಕ್ಕೆ ಬ್ಯಾಂಕಿನಿಂದ ಬಡ್ಡಿಯ ಪ್ರಮಾಣಪತ್ರ ತಂದು, ಕೆಲಸ ಕೊಟ್ಟವರಿಗೆ ಒಪ್ಪಿಸಿ, ವರ್ಷದ ತೆರಿಗೆ ವಿವರದಲ್ಲಿ ಕಾಣಿಸಬೇಕು.

ಪಟ್ಟಣದಲ್ಲಿ ಮನೆ ಕೊಳ್ಳುವವರಿಗೆ

ಬಸವಕಲ್ಯಾಣ ಅಥವಾ ಹುಮನಾಬಾದ ಪಟ್ಟಣದಲ್ಲಿಯೇ ಸಾಲ ಮಾಡಿ ಮೊದಲ ಮನೆ ಮಾಡುವವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಬಡ್ಡಿ ಸಹಾಯಧನವಿದೆ. ಇದು 2024ರ ಸೆಪ್ಟೆಂಬರ್ 1ರಿಂದೀಚೆಗೆ ಮಂಜೂರಾಗಿ ಕೈಸೇರಿದ ಸಾಲಗಳಿಗೆ ಅನ್ವಯಿಸುತ್ತದೆ. ಸಂಸಾರದ ವರ್ಷದ ಆದಾಯ 9 ಲಕ್ಷ, ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ರೂಪಾಯಿ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ ನೂರಕ್ಕೆ 4ರಂತೆ ಬಡ್ಡಿಯ ಭಾರ ಇಳಿಯುತ್ತದೆ. ಒಟ್ಟು 1.80 ಲಕ್ಷದವರೆಗೆ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೇ ಜಮೆಯಾಗುವುದು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಸಂಸಾರ. ಈ ಸಂಸಾರದ ಯಾರ ಹೆಸರಿನಲ್ಲಿಯೂ ದೇಶದ ಯಾವ ಊರಿನಲ್ಲಿಯೂ ಪಕ್ಕಾ ಮನೆ ಇರಕೂಡದು.

ಹಳ್ಳಿಯಲ್ಲಿ ಕಟ್ಟುವವರಿಗೆ

ನಿಮ್ಮಲ್ಲಿ ಬಹು ಮಂದಿಗೆ ಸಂಬಂಧಪಟ್ಟ ಭಾಗ ಇದು. ಸಮುದಾಯ ವಿಕಾಸ ಕಾರ್ಯಕ್ರಮದಡಿ 1957ರಲ್ಲಿ ಗ್ರಾಮ ವಸತಿ ಯೋಜನೆ ಆರಂಭವಾದಾಗ ಮನೆಗೆ ಸಿಗುತ್ತಿದ್ದುದು ಸಾಲ. ಅದನ್ನು ತೀರಿಸಬೇಕಾಗಿತ್ತು. ಈಗ ಸಿಗುವುದು ಸಹಾಯಧನ, ಇದನ್ನು ತೀರಿಸುವಂತಿಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ 2016ರಲ್ಲಿ ಆರಂಭವಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇದನ್ನು 2028-29ರವರೆಗೆ ಮುಂದುವರಿಸಿ, ದೇಶದಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು. ಬಯಲು ಸೀಮೆಯಲ್ಲಿ ಒಂದು ಮನೆಗೆ 1,20,000 ರೂಪಾಯಿ. ಶೌಚಾಲಯಕ್ಕೆ ಸ್ವಚ್ಛ ಭಾರತ ಯೋಜನೆಯಿಂದ 12,000 ರೂಪಾಯಿ. ಇದಲ್ಲದೆ ತಮ್ಮ ಮನೆಗೆ ತಾವೇ ದುಡಿದ 90 ದಿನದ ಕೂಲಿಯೂ ಯೋಜನೆಯಲ್ಲಿ ಸೇರಿದೆ. 2025-26ರ ಕರ್ನಾಟಕದ ದಿನಗೂಲಿ 370 ರೂಪಾಯಿಯಂತೆ ಲೆಕ್ಕ ಹಾಕಿದರೆ ಕೂಲಿ 33,300. ಮೂರೂ ಸೇರಿ 1,65,300 ರೂಪಾಯಿ. ಉದ್ಯೋಗ ಖಾತರಿಗೆ 2025ರ ಡಿಸೆಂಬರಿನಲ್ಲಿ ಹೊಸ ಕಾಯಿದೆ ಆಗಿರುವುದರಿಂದ ಕೂಲಿಯ ಭಾಗ ಯಾವ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ಪಂಚಾಯತಿಯಲ್ಲಿ ಮೊದಲೇ ಕೇಳಿಕೊಳ್ಳಿ.

ರಾಜ್ಯ ಸರ್ಕಾರದ ಯೋಜನೆಗಳನ್ನು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಡೆಸುತ್ತದೆ. ಬಸವ ವಸತಿ ಯೋಜನೆ ಎಲ್ಲರಿಗೂ, ಡಾ. ಬಿ. ಆರ್. ಅಂಬೇಡ್ಕರ್ ನಿವಾಸ ಯೋಜನೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ. ಯಾವ ಯೋಜನೆಯಾದರೂ ಹೆಸರು ಆಯ್ಕೆಯಾಗುವ ಜಾಗ ಒಂದೇ, ಅದು ಗ್ರಾಮಸಭೆ.

ಯಾರಿಗೆ ಸಿಗುವುದಿಲ್ಲ?

ಕೇಂದ್ರದ ಗ್ರಾಮೀಣ ಯೋಜನೆ ಮನೆಯಿಲ್ಲದವರಿಗೆ ಮತ್ತು ಕಚ್ಚಾ ಗೋಡೆ, ಕಚ್ಚಾ ಛಾವಣಿಯ ಒಂದೆರಡು ಕೋಣೆಯಲ್ಲಿರುವವರಿಗೆ. 2024ರಲ್ಲಿ ನಿಯಮ ಸಡಿಲಿಸಿದ ಮೇಲೆ ಬೈಕು, ಫ್ರಿಜ್ಜು ಇದ್ದ ಮಾತ್ರಕ್ಕೆ ಹೆಸರು ತೆಗೆಯುವುದಿಲ್ಲ. ಆದರೆ ಕೆಳಗಿನವುಗಳಲ್ಲಿ ಒಂದಿದ್ದರೂ ಹೆಸರು ಬಿಟ್ಟುಹೋಗುವುದು:

1. ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಜಮೀನು, ಇಲ್ಲವೆ 5 ಎಕರೆ ಅಥವಾ ಹೆಚ್ಚು ಖುಷ್ಕಿ ಜಮೀನು.
2. 50,000 ರೂಪಾಯಿ ಅಥವಾ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡು.
3. ಟ್ರ್ಯಾಕ್ಟರು, ಕಾರು, ಆಟೊ ಮುಂತಾದ ಮೂರು ಅಥವಾ ನಾಲ್ಕು ಚಕ್ರದ ಯಂತ್ರ, ವಾಹನ.
4. ಮನೆಯಲ್ಲಿ ಸರ್ಕಾರಿ ನೌಕರರು, ತಿಂಗಳಿಗೆ 15,000ಕ್ಕಿಂತ ಹೆಚ್ಚು ಗಳಿಸುವವರು, ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ ಕಟ್ಟುವವರು ಇರುವುದು.

ಎರಡನೆಯದನ್ನು ಹಲವು ರೈತರು ಗಮನಿಸುವುದಿಲ್ಲ. ನೀವು ಎತ್ತಿದ ಸಾಲವಲ್ಲ, ಕಾರ್ಡಿನ ಮಿತಿ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸೊಸೈಟಿಯಲ್ಲಿ ಅಥವಾ ಬ್ಯಾಂಕಿನಲ್ಲಿ ವಿಚಾರಿಸಿ. ಇಲ್ಲಿ ಹೆಸರು ಬರದವರು ರಾಜ್ಯದ ಯೋಜನೆಯ ನಿಯಮವನ್ನು ಪ್ರತ್ಯೇಕವಾಗಿ ಕೇಳಬೇಕು.

ಕ್ರಮ ಹೀಗಿರಲಿ

ಮೊದಲನೆಯದು, ಜಾಗದ ಕಾಗದ. ಮುತ್ತಾತನ ಕಾಲದಿಂದ ವಾಸವಿದ್ದರೂ ಕಾಗದದಲ್ಲಿ ಹೆಸರಿಲ್ಲದಿದ್ದರೆ ನೆರವಿಗೆ ತೊಡಕು. ಗ್ರಾಮ ಪಂಚಾಯತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11 ತೆಗೆಸಿರಿ. ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿಯೇ ಉಳಿದಿದ್ದರೆ ಈಗಲೇ ಬರೆಸಿಕೊಳ್ಳಿ. ತಾಂಡಾಗಳಲ್ಲಿ ಇರುವವರು ತಮ್ಮ ಹಕ್ಕುಪತ್ರವನ್ನು ಜೋಪಾನ ಮಾಡಿರಿ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಹಕ್ಕುಪತ್ರ ಹಂಚಲಾಯಿತು. ಆ ಪತ್ರವೇ ಮನೆಯ ನಿಜವಾದ ತಳಪಾಯ.

ಎರಡನೆಯದು, ಗ್ರಾಮಸಭೆ. ರಾಶಿಯ ಕಾಲವೆಂದು, ಸಂತೆಯ ದಿನವೆಂದು ತಪ್ಪಿಸಬೇಡಿ. ಪಟ್ಟಿಯನ್ನು ಓದಿಸಿ ಕೇಳಿ. ನಿಮ್ಮ ಹೆಸರು ಬಿಟ್ಟಿದ್ದರೆ ಅಲ್ಲಿಯೇ ಹೇಳಿ, ನಡವಳಿಯಲ್ಲಿ ಬರೆಸಿರಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ಮೂರರಲ್ಲಿಯೂ ಹೆಸರು ಒಂದೇ ರೀತಿ ಇರಲಿ. ಮನೆ ಹೆಣ್ಣುಮಗಳ ಹೆಸರಿಗೆ ಅಥವಾ ಗಂಡಹೆಂಡತಿ ಇಬ್ಬರ ಹೆಸರಿಗೆ ಮಂಜೂರಾಗುವುದರಿಂದ ಮನೆಯೊಡತಿಯ ಬ್ಯಾಂಕ್ ಖಾತೆ ಸರಿಯಾಗಿರಬೇಕು.

ಮೂರನೆಯದು, ಮಂಜೂರಾತಿ ಆದೇಶ ಮತ್ತು ಫೋಟೊ. ಇದು ಎಲ್ಲಕ್ಕಿಂತ ಮುಖ್ಯ. ನೀವು ಈಗಿರುವ ಮನೆಯ ಮುಂದೆ ಮತ್ತು ಕಟ್ಟಲಿರುವ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿ, ಸ್ಥಳದ ಗುರುತು ಬೀಳುವ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಹಳೆಯ ಮನೆಯನ್ನು ಆ ಮೊದಲೇ ಕೆಡವಿದರೆ ನಿಮ್ಮದು ಕಚ್ಚಾ ಮನೆ ಎಂಬುದಕ್ಕೆ ಸಾಕ್ಷಿಯೇ ಉಳಿಯದು. ಆದೇಶ ಕೈಗೆ ಬಂದು ಫೋಟೊ ಆಗುವವರೆಗೆ ಒಂದು ಕಲ್ಲನ್ನೂ ಕೀಳಬೇಡಿ.

ನಾಲ್ಕನೆಯದು, ಕಂತುಗಳು. ಕೇಂದ್ರದ ಯೋಜನೆಯಲ್ಲಿ ಮೊದಲ ಕಂತು ಮಂಜೂರಾತಿಯ ಬೆನ್ನಿಗೇ ಬರಬೇಕೆಂಬ ನಿಯಮವಿದೆ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತ. ಒಂದು ಹಂತ ಮುಗಿದು ಫೋಟೊ ಏರಿದ ಮೇಲೆ ಅದರ ಹಣ. ಅಂದರೆ ತಳಪಾಯದ ಖರ್ಚನ್ನು ಮೊದಲು ನೀವೇ ಹೊಂದಿಸಬೇಕು. ಅದಕ್ಕಾಗಿ ಸಾಹುಕಾರನ ಬಳಿ ಕೈಚಾಚುವ ಬದಲು ರಾಶಿಯ ಹಣ ಬರುವ ತಿಂಗಳಿಗೆ ಕೆಲಸ ಹೂಡಿರಿ. ಸ್ವಸಹಾಯ ಸಂಘದ ಸಾಲವನ್ನೂ ವಿಚಾರಿಸಿರಿ.

ಹಾಸಿಗೆ ಇದ್ದಷ್ಟು ಕಾಲು

ಕೇಂದ್ರದ ನಿಯಮದಂತೆ ಮನೆ ಅಡಿಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಇದು ಸುಮಾರು 270 ಚದರ ಅಡಿ, ಅಂದರೆ 15 ಅಡಿಗೆ 18 ಅಡಿ. "ಹೇಗೂ ಕಟ್ಟುತ್ತೇವೆ, ದೊಡ್ಡದಾಗಿಯೇ ಕಟ್ಟೋಣ" ಎಂದು ತಳಪಾಯ ಹಿಗ್ಗಿಸಿದವರ ಗೋಡೆಗಳೇ ಅರ್ಧಕ್ಕೆ ನಿಲ್ಲುತ್ತವೆ. ಒಂದು ಅಂಕಣ ಮುಗಿಸಿ ಒಳಗೆ ಕಾಲಿಡಿ. ಮುಂದೆ ಕೈಕೂಡಿದಾಗ ಇನ್ನೊಂದು ಅಂಕಣ ಸೇರಿಸಲು ಜಾಗ ಬಿಟ್ಟಿರಿ.

ನಮ್ಮ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು. ಅದರ ಮೇಲೆಯೇ ಗೋಡೆ ಕೂಡಿಸಿದರೆ ಗೋಡೆಯೂ ಬಿರಿಯುವುದು. ಗಟ್ಟಿ ಗರಸು ಸಿಗುವವರೆಗೆ ಅಗೆಯಿರಿ. ಎರೆ ಬಹಳ ಆಳವಿದ್ದರೆ ಇಂಜಿನಿಯರರ ಸಲಹೆ ಪಡೆಯಿರಿ. ಹತ್ತಿರದಲ್ಲಿ ಒಳ್ಳೆಯ ಕೆಂಪು ಕಲ್ಲು ಸಿಗುವುದಾದರೆ, ದೂರದಿಂದ ಇಟ್ಟಿಗೆ ತರಿಸುವ ಮೊದಲು ಎರಡರ ಬೆಲೆ ಹೋಲಿಸಿ ನೋಡಿ.

ದಲ್ಲಾಳಿಗೆ ಪೈಸೆಯೂ ಬೇಡ

ಈ ನೆರವಿಗಾಗಿ ಯಾರಿಗೂ ಕಮಿಷನ್ ಕೊಡಬೇಕಾಗಿಲ್ಲ. ಹಣ ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ. "ಪಟ್ಟಿಯಲ್ಲಿ ಹೆಸರು ಹಾಕಿಸುತ್ತೇನೆ" ಎಂದು ಕೇಳುವವನಿಗೆ ಪಾಸ್‌ಬುಕ್ಕನ್ನಾಗಲಿ, ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನಾಗಲಿ ಕೊಡಬೇಡಿ. ಕಂತು ತಡವಾದರೆ ಮೊದಲು ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ, ಅಲ್ಲಿ ಆಗದಿದ್ದರೆ ತಾಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ನಂತರ ಬೀದರ ಜಿಲ್ಲಾ ಪಂಚಾಯತಿಗೆ ಬರಹದಲ್ಲಿ ದೂರು ಕೊಡಿ. ಪ್ರತಿ ಸಲವೂ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಉತ್ತರವೂ ಬಾಯಿಮಾತಿನದೇ.

ಆದುದರಿಂದ ಈ ವಾರವೇ ಒಂದು ಕೆಲಸ ಮಾಡಿರಿ. ಪೆಟ್ಟಿಗೆಯಲ್ಲಿರುವ ಕಾಗದಗಳನ್ನು ಹೊರತೆಗೆದು, ಓದು ಬಲ್ಲ ಮಕ್ಕಳಿಂದ ಓದಿಸಿ, ಜಾಗ ಯಾರ ಹೆಸರಿನಲ್ಲಿದೆ ನೋಡಿರಿ. ಅದು ಸರಿಯಿದ್ದರೆ ಮುಂದಿನ ಗ್ರಾಮಸಭೆಗೆ ಹೋಗಿರಿ. ಸರಿಯಿಲ್ಲದಿದ್ದರೆ ನಾಳೆಯೇ ಪಂಚಾಯತಿಗೆ ಹೋಗಿರಿ.